ಕೂದಲೆಳೆಯಷ್ಟು ಚಿಕ್ಕ ಗಾಜು

ಅವನು ವಾಚನ್ನು ರಿಪೇರಿ ಅಂಗಡಿಯ ಕೌಂಟರಿನ ಮೇಲೆ ಇಟ್ಟಾಗ ಅವಳು ಬಗ್ಗಿ ನೋಡಿದಳು.

ಗಾಜಿನ ಒಳಗೆಲ್ಲ ಆವಿ. ಮುಳ್ಳುಗಳು ಅಲ್ಲಾಡುತ್ತಿರಲಿಲ್ಲ.

“ನಿಂತುಬಿಟ್ಟಿದೆ,” ಎಂದ ಲಾಂಡ್ರಿಯವನು. “ಅಕ್ಕ ಊರು ಬಿಟ್ಟು ಹೊರಟಿದ್ದಳು. ಇನ್ನೂ ಟೈಮಿದೆ ಅಂತ ಇಸ್ತ್ರಿ ಮಾಡ್ತಾ ನಿಂತೆ. ಸ್ಟೇಷನ್‌ಗೆ ಹೋಗೋಷ್ಟರಲ್ಲಿ ರೈಲೇ ಇಲ್ಲ. ಇನ್ನು ಯಾವಾಗ ಬರ್ತಾಳೋ...”

ಅವಳ ಮುಖ ನೋಡಿ ತಾನೇ ಸಮಾಧಾನ ಹೇಳಿದ. “ನೀವೇನು ಮಾಡೋಕಾಗುತ್ತೆ ಬಿಡಿ. ಅಪ್ಪನ ಕಾಲದ ವಾಚು. ವಯಸ್ಸಾಯ್ತು.”

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆ ಸಮಾಧಾನವೇ ಅವಳನ್ನು ಚುಚ್ಚಿತು.

ಅವನು ಮೊದಲ ಸಲ ಬಂದಾಗ ವಾಚಿನ ಗಾಜು ಒಡೆದಿತ್ತು. “ಟೈಮು ಸರಿಯಾಗೇ ತೋರಿಸುತ್ತೆ, ಮುಟ್ಟಿದರೆ ಮಾತ್ರ ಕಚ್ಚುತ್ತೆ,” ಎಂದಿದ್ದ. ಆ ಮಾತು ನೆನೆದು ಅವಳು ದಿನವಿಡೀ ಒಬ್ಬಳೇ ನಕ್ಕಿದ್ದಳು.

ಡ್ರಾಯರಿನಲ್ಲಿ ಅಳತೆಗೆ ಸರಿಯಾದ ಗಾಜು ಇತ್ತು. ಅದರ ಪಕ್ಕದಲ್ಲೇ ಅದಕ್ಕಿಂತ ಕೂದಲೆಳೆಯಷ್ಟು ಚಿಕ್ಕದೊಂದು. ಸರಿಯಾದದ್ದನ್ನು ಕೂರಿಸಿದರೆ ಇವನು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ... ಹಾಗೆಂದುಕೊಂಡ ಗಳಿಗೆಯಲ್ಲೇ ಅವಳ ಕೈ ಚಿಕ್ಕದನ್ನು ಎತ್ತಿಕೊಂಡಿತ್ತು. ದಿನವೆಲ್ಲ ಆವಿಯ ನಡುವೆ ದುಡಿಯುವವನ ವಾಚಿಗೆ ಅಷ್ಟು ಸಂದು ಸಾಕಾಯಿತು.

ಆಮೇಲೆ ಅವನು ಬರುತ್ತಲೇ ಇದ್ದ. ಅವಳು ಗಾಜು ತೆಗೆದು ತೇವ ಒರೆಸಿ, ಅದನ್ನೇ ಮತ್ತೆ ಅಂಟಿಸಿ ಕೊಡುತ್ತಿದ್ದಳು. ಅಷ್ಟು ಹೊತ್ತೂ ಹರಟೆ.

ಕಣ್ಣು ಮಂಜಾಗಿ, ಅಂಗಡಿಯನ್ನು ಮಗಳಿಗೆ ಬಿಟ್ಟು ಮೂಲೆಯ ಕುರ್ಚಿ ಹಿಡಿದಿದ್ದ ಅಪ್ಪ ಒಮ್ಮೆ ಕೇಳಿದ್ದರು: “ಆ ಹುಡುಗನ ವಾಚಿಗೆ ಅದೇನಮ್ಮ, ಯಾವಾಗಲೂ ನೆಗಡಿ?”

ಅವತ್ತು ಸುಮ್ಮನಿದ್ದಳು. ಇವತ್ತು ಆಗಲಿಲ್ಲ.

“ವಾಚಿಗೆ ವಯಸ್ಸಾಗಿಲ್ಲ,” ಎಂದಳು. “ನಾನೇ ಬೇಕಂತ ಚಿಕ್ಕ ಗಾಜು ಹಾಕಿದೆ. ನೀವು ಮತ್ತೆ ಬರಲಿ ಅಂತ...”

ಅವನು ವಾಚು ಎತ್ತಿಕೊಂಡು ಹೊರಟುಹೋದ.

ಆಮೇಲಿನ ದಿನಗಳಲ್ಲಿ ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಅವಳು ತಲೆಯೆತ್ತಿದಳು. ಎತ್ತಿದ್ದಕ್ಕೆ ತನ್ನನ್ನೇ ಬೈದುಕೊಂಡಳು. ಅಕ್ಕನ ಮುಖ ನೋಡದಂತೆ ಮಾಡಿದವಳಿಗೆ ಅವನ ಮುಖ ನೋಡುವ ಆಸೆ ಬೇರೆ!

ಕೊನೆಗೊಂದು ಮಧ್ಯಾಹ್ನ ಅದೇ ವಾಚು ಕೌಂಟರಿನ ಮೇಲೆ ಬಂದು ಕೂತಿತು.

“ಅಕ್ಕನಿಗೆ ಫೋನಲ್ಲಿ ಎಲ್ಲ ಹೇಳಿದೆ,” ಎಂದ ಅವನು, ಅವಳನ್ನು ನೋಡದೆ. “ಮೊದಲು ನಿಮಗೆ ಚೆನ್ನಾಗಿ ಬೈದಳು. ಆಮೇಲೆ ನನಗೆ. ‘ನೀನೇ ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಆ ಹುಡುಗಿ ವಾಚು ಯಾಕೋ ಕೆಡಿಸ್ತಿದ್ದಳು?’ ಅಂದಳು.”

ಮೂಲೆಯ ಕುರ್ಚಿ ಕಿರುಗುಟ್ಟಿತು. ಸ್ವಲ್ಪ ಗಾಳಿಗೆ ಹೋಗಿ ಬರುತ್ತೇನೆಂದು ಅಪ್ಪ ಗೋಡೆ ಸವರುತ್ತ ಹೊರಗೆ ನಡೆದರು.

ಅವಳು ತುಕ್ಕು ಬಿಡಿಸಿದಳು, ಎಣ್ಣೆ ಬಿಟ್ಟಳು, ಸರಿಯಾದ ಗಾಜನ್ನು ಒತ್ತಿ ಕೂರಿಸಿದಳು. ಒಂಬತ್ತರ ಅಂಕಿಯ ಹತ್ತಿರ ಕಂದು ಕಲೆಯೊಂದು ಉಳಿದುಕೊಂಡಿತು.

“ಇದು ಹೋಗಲ್ಲ...” ಕಣ್ಣು ತುಂಬಿತು.

“ಇರಲಿ.”

“ಇನ್ನು ಆವಿ ಒಳಗೆ ಹೋಗಲ್ಲ. ನೀವು ಬರೋ ಕೆಲಸ ಇಲ್ಲ.”

ಅವನು ಪಟ್ಟಿ ಬಿಗಿದುಕೊಂಡ. “ಅಂಗಡಿ ಎಷ್ಟೊತ್ತಿಗೆ ಮುಚ್ತೀರಾ?”

“ಏಳಕ್ಕೆ.”

“ಏಳಕ್ಕೆ ಬರ್ತೀನಿ,” ಎಂದ. “ಈ ಸಲ ತಡ ಆದರೆ ತಪ್ಪು ನಂದೇ.”