ಅಟ್ಟದ ಹಿಂದಿನ ಗಾಳಿಕಿಂಡಿ

"ಯಾರಪ್ಪಾ ಇವಳು?!"

ಗೋಡೆಗೆ ಸುಣ್ಣದ ಗಾರೆ ಬಳಿಯುತ್ತಿದ್ದವಳ ಕೈ ನಿಂತೇ ಹೋಯಿತು. ಅವಳ ಇಂಜಿನಿಯರ್... ಅವಳವನೆಂದು ಯಾರೂ ಬರೆದುಕೊಟ್ಟಿರಲಿಲ್ಲ ಬಿಡಿ... ಯಾರೋ ಚೆಲುವೆಯ ಜೊತೆ ನಗುತ್ತಾ ಒಳಗೆ ಬರುತ್ತಿದ್ದ!

"ಗಾಳಿ ಬೆಳಕಿನ ವಿಷಯದಲ್ಲಿ ಇವ್ರು ಎತ್ತಿದ ಕೈ," ಎಂದು ಪರಿಚಯಿಸಿದ.

ಬಂದವಳು ಅಟ್ಟದ ಹಿಂದೆ, ಸೂರಿನ ಕೆಳಗೆ ಬೆರಳು ತೋರಿಸಿದಳು. "ಅಲ್ಲಿ ಎರಡು ಕಿಂಡಿ ಬಿಡಿ. ಮೇಲೇರಿದ ಬಿಸಿಗಾಳಿ ಹೊರಗೆ ಹೋಗ್ಬೇಕಲ್ವಾ?"

"ಅದ್ಭುತ!"

ಅದ್ಭುತವಂತೆ! ಆರು ತಿಂಗಳಿಂದ ಗೋಡೆಗಳನ್ನು ಕನ್ನಡಿಯ ಹಾಗೆ ತಿಕ್ಕಿದ್ದೀನಿ, ನನಗೆ ಒಂದು ದಿನ ಈ ಮಾತು ಬಂತಾ?

ನಾಲ್ಕು ದಿನ ಅವರಿಬ್ಬರೂ ಮರದ ಕೆಳಗೆ ನಿಂತು ಗುಸುಗುಸು ನಡೆಸಿದರು. ಇವಳು ಹತ್ತಿರ ಹೋದರೆ ಗಪ್‌ಚುಪ್! ಹೊಟ್ಟೆ ಧಗಧಗ ಉರಿಯಿತು. ಐದನೆಯ ದಿನ ಎಲ್ಲರೂ ಊಟಕ್ಕೆ ಕೂತಾಗ ಅಟ್ಟ ಹತ್ತಿದಳು. ಎರಡೂ ಕಿಂಡಿಗಳಿಗೆ ಇಟ್ಟಿಗೆ ಚೂರು ತುರುಕಿ ಮೇಲೆ ಗಾರೆ ಬಳಿದಳು. ಕೆಳಗಿನಿಂದ ನೋಡಿದರೆ ಯಾರಿಗೂ ಕಾಣದು.

ಒಂದು ವಾರದ ಮೇಲೆ ಮನೆಯ ಯಜಮಾನರಾದ ಮೇಷ್ಟ್ರು ಕೋಣೆ ಪರೀಕ್ಷಿಸಲು ಬಂದರು. ಮೂವತ್ತೊಂದು ಡಿಗ್ರಿ ದಾಟುವುದಿಲ್ಲ ಎಂದು ಇಂಜಿನಿಯರ್ ಮಾತು ಕೊಟ್ಟಿದ್ದ. ಥರ್ಮಾಮೀಟರ್ ಮೂವತ್ತಾರು ತೋರಿಸಿತು!

"ನಮ್ಮವಳಿಗೆ ಉಬ್ಬಸ, ಎಸಿ ಆಗಿಬರಲ್ಲ ಅಂತಾನೇ ನಿಮ್ಮನ್ನ ನಂಬಿದ್ದು. ಸಾಕು ಬಿಡಿ, ಉಳಿದದ್ದನ್ನ ಬೇರೆಯವರ ಕೈಲಿ ಮಾಡಿಸ್ತೀನಿ."

ಅದು ಅವನು ಸ್ವಂತವಾಗಿ ಕಟ್ಟುತ್ತಿದ್ದ ಮೊದಲ ಮನೆ. "ನನ್ನ ಲೆಕ್ಕವೇ ತಪ್ಪಿರ್ಬೇಕು ಸರ್," ಎಂದು ತಲೆ ತಗ್ಗಿಸಿದ.

ಅವಳು ಕೈಲಿದ್ದ ಕರಣೆ ಕೆಳಗಿಟ್ಟಳು. ಬಾಯಿಬಿಟ್ಟರೆ ಅವನು ಇನ್ನು ತನ್ನ ಮುಖ ನೋಡುವುದಿಲ್ಲ. ಬಿಡದಿದ್ದರೆ... ಅವನ ಹೆಸರೇ ಹಾಳು!

"ತಪ್ಪು ಅವರದ್ದಲ್ಲ ಮೇಷ್ಟ್ರೇ! ಕಿಂಡಿ ಮುಚ್ಚಿದ್ದು ನಾನು!"

ಅವನು ಅವಳನ್ನೇ ನೋಡಿದ. ಅವಳು ಅಳುತ್ತಲೇ ಉಳಿ, ಸುತ್ತಿಗೆ ಹಿಡಿದು ಅಟ್ಟ ಹತ್ತಿದಳು.

ಮರುದಿನ ಅದೇ ಹೊತ್ತಿಗೆ ಥರ್ಮಾಮೀಟರ್ ಮೂವತ್ತೊಂದಕ್ಕೆ ನಿಂತಿತ್ತು. "ಕೆಲಸ ನೀವೇ ಮುಗಿಸಿ," ಎಂದ ಮೇಷ್ಟ್ರು ಇವಳತ್ತ ಕಣ್ಣು ಬಿಟ್ಟರು. "ನಿನ್ನ ಪುಣ್ಯ, ಬೆತ್ತ ತಂದಿಲ್ಲ ನಾನು!"

ಅವರು ಹೋದ ಮೇಲೆ ಅವನು ಅವಳತ್ತ ತಿರುಗಿದ.

"ಯಾಕೆ ಹೀಗೆ ಮಾಡಿದೆ?"

"ನೀವು... ಅವಳ ಜೊತೆ ದಿನಾ ಮರದ ಕೆಳಗೆ..." ಎನ್ನುತ್ತಾ ಅವಳು ಮತ್ತೆ ಅಳತೊಡಗಿದಳು.

"ಅಯ್ಯೋ ಹುಚ್ಚಿ! ಅವ್ರು ಕೇಳ್ತಿದ್ದದ್ದು ನಿನ್ನನ್ನ! ಇಂಥ ಕೈಗೆಲಸ ಎಲ್ಲೂ ನೋಡಿಲ್ಲ, ಎರಡು ವರ್ಷ ನಮ್ಮ ಕಡೆ ಕಳಿಸಿ ಅಂತ. ನಾನು ಆಗಲ್ಲ ಅಂತ ಜಗಳ ಆಡ್ತಿದ್ದೆ."

"ನನ್ನನ್ನ ಒಂದು ಮಾತೂ ಕೇಳದೆ?"

"ಕೇಳಿದ್ರೆ ನೀನು ಹೊರಟುಬಿಟ್ರೆ? ಹೊಟ್ಟೆಕಿಚ್ಚು ನಿನಗೊಬ್ಬಳಿಗೇನಾ ಇರೋದು?"

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ನಾನು ಹೋಗ್ತೀನಿ."

ಅವನ ಮುಖ ಬಾಡಿತು.

"ನೀವೂ ಜೊತೆಗೆ ಬಂದ್ರೆ..."

"ಇಂಜಿನಿಯರ್ ಆಗಿ ಬರ್ಲಾ?"

"ಅದಕ್ಕೆ ಬೇಕಾದಷ್ಟು ಜನ ಇರ್ತಾರೆ," ಎಂದು ಅವಳು ತಲೆ ತಗ್ಗಿಸಿದಳು. "ನನ್ನವರಾಗಿ ಬನ್ನಿ..."