ಎಡಗೈ ಬಳೆ

ಸೋಮವಾರ ಬೆಳಿಗ್ಗೆ ಎಂಟಕ್ಕೆ ಠಾಣೆಗೆ ಬಂದ ದಾಲಯ್ಯ ಗೋಡಂಬಿ ಬಟ್ಟಿಯ ಕೆಲಸಗಾರ. ಹೆಂಡತಿ ಪುನ್ನಮ್ಮನಿಗೆ ಕಿಡ್ನಿ ಕಾಯಿಲೆ. ಡಯಾಲಿಸಿಸ್ ಸೂಜಿಗೆಂದು ರಕ್ತನಾಳ ಜೋಡಿಸಿದ್ದ ಅವಳ ಎಡಗೈಗೆ ಕಿಡ್ನಿ ಡಾಕ್ಟರ್ ಶಶಿಭೂಷಣ್ ಶನಿವಾರ ಬಿಪಿ ಪಟ್ಟಿ ಬಿಗಿದಿದ್ದರು. ರಾತ್ರಿಯೊಳಗೆ ನಾಳದ ಮಿಡಿತ ನಿಂತಿತು. ಈಗ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆಂದು ಕುತ್ತಿಗೆಗೆ ನಳಿಕೆ ಹಾಕಿ ಮಲಗಿಸಿದ್ದಾರೆ.

ಇನ್ಸ್‌ಪೆಕ್ಟರ್ ಗೌರೀಶ್ವರರಾವ್ ದೂರನ್ನು ಎರಡು ಸಲ ಓದಿದರು. ಆಂಧ್ರದ ಈ ಉದ್ದಾನ ಸೀಮೆಯಲ್ಲಿ ಮನೆಗೊಬ್ಬರು ಕಿಡ್ನಿ ರೋಗಿ. ನಾಳ ಜೋಡಿಸಿದ ಕೈಗೆ ಏನನ್ನೂ ಬಿಗಿಯಬಾರದೆಂದು ಮಕ್ಕಳಿಗೂ ಗೊತ್ತು.

"ನಮ್ಮೂರ ಬಳೆಗಾರನೂ ಯಾವ ಕೈ ಅಂತ ಕೇಳಿಯೇ ಬಳೆ ತೊಡಿಸ್ತಾನೆ, ಸಾರ್," ಎಂದ ಹೆಡ್ ಕಾನ್‌ಸ್ಟೇಬಲ್ ಸಿಂಹಾಚಲಂ. "ಈ ಮಹಾನುಭಾವ ಅವನ ಹತ್ರ ಟ್ಯೂಷನ್‌ಗೆ ಹೋಗ್ಬೇಕು."

ಗೌರೀಶ್ವರರಾವ್ ನಗಲಿಲ್ಲ. ಎಫ್‌ಐಆರ್ ದಾಖಲಾಯಿತು. ವೈದ್ಯ ಮಂಡಳಿಯಲ್ಲಿ ವಿಚಾರಿಸಿದರೆ ನೋಂದಣಿ ಅಸಲಿ, ವಿಶಾಖಪಟ್ಟಣದ ಪದವಿಯೂ ಅಸಲಿ. ಅನುಮಾನ ಇಳಿಯುವ ಬದಲು ಏರಿತು. ಪಾಠ ಹೇಳಿದ ಪ್ರೊಫೆಸರರನ್ನು ಫೋನಿನಲ್ಲಿ ಹಿಡಿದರು. ಶಶಿಭೂಷಣ್ ರೋಗಿಯ ಹೆಸರು ಕೇಳುವ ಮೊದಲು ಆ ಕೈಗೆ ಕಿವಿಗೊಟ್ಟು ಮಿಡಿತ ಆಲಿಸುತ್ತಿದ್ದ ಹುಡುಗ, ಬೇರೆಯವರು ಪಟ್ಟಿ ತಂದರೆ ಕಿತ್ತೆಸೆಯುತ್ತಿದ್ದ ಎಂದರು ಅವರು.

ಮಧ್ಯಾಹ್ನ ಮಹಿಳಾ ಕಾನ್‌ಸ್ಟೇಬಲ್ ನೀಲವೇಣಿ ಹಳೇ ಸೀರೆಯುಟ್ಟು, ಡಯಾಲಿಸಿಸ್ ರೋಗಿಯಂತೆ ಎಡಗೈಗೆ ಪ್ಲಾಸ್ಟರ್ ಅಂಟಿಸಿ, ಬಲಗೈಗಷ್ಟೇ ಬಳೆ ತೊಟ್ಟು ಕ್ಲಿನಿಕ್ಕಿನ ಸಾಲಿನಲ್ಲಿ ಕುಳಿತಳು. ಡಾಕ್ಟರು ಬಳೆಯಿಲ್ಲದ ಕೈಯೇ ಸಲೀಸೆಂದು ಎಳೆದುಕೊಂಡು ಪಟ್ಟಿ ಸುತ್ತಿದರು.

"ಈ ಕೈಗಾ, ಡಾಕ್ಟರೇ?"

"ಯಾವುದಾದ್ರೇನಮ್ಮ, ರಕ್ತ ಒಂದೇ ತಾನೆ?"

ನೀಲವೇಣಿ ಕೈ ಬಿಡಿಸಿಕೊಂಡು ಬಾಗಿಲಾಚೆಗೆ ಸನ್ನೆ ಮಾಡಿದಳು. ಗೌರೀಶ್ವರರಾವ್ ಒಳಗೆ ಬಂದು ಕದ ಮುಚ್ಚಿದರು.

"ಯಾರು ನೀನು?"

"ಬೋರ್ಡು ಓದಿಲ್ವಾ?"

"ಓದಿದೆ. ಶಶಿಭೂಷಣ್‌ಗೆ ಪಾಠ ಹೇಳಿದ ಪ್ರೊಫೆಸರ್ ಲೈನಲ್ಲಿದ್ದಾರೆ. ಮಾತಾಡು."

ಅವನು ಫೋನ್ ಮುಟ್ಟಲಿಲ್ಲ. ಕುರ್ಚಿಯಿಂದೆದ್ದು ರೋಗಿಗಳ ಸ್ಟೂಲಿನ ಮೇಲೆ ಕುಳಿತ. ತಾನು ಔಷಧಿ ಕಂಪನಿಯ ಸೇಲ್ಸ್‌ಮನ್ ಆಗಿದ್ದವನು, ಶಶಿಭೂಷಣನ ತಮ್ಮ ಎಂದ. ಅಣ್ಣ ಎರಡು ವರ್ಷದ ಕೆಳಗೆ ಬರಂಪುರದ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತ. ಕಣ್ಣಿಲ್ಲದ ತಂದೆಗೆ ಸುದ್ದಿ ಹೇಳಲು ಇವನೇ ಹೋಗಿದ್ದ. ಅಣ್ಣ ತಮ್ಮಂದಿರದು ಒಂದೇ ಕಂಠ.

"ಒಬ್ಬ ಹೋದ ಅಂದೆ, ಸಾರ್. ದೊಡ್ಡವನಲ್ಲ ತಾನೆ ಅಂತ ಕೇಳಿದ್ರು." ಅವನು ನೆಲ ನೋಡಿದ. "ಅಲ್ಲ ಅಂದೆ. ದೇವರು ದೊಡ್ಡವನು ಅಂತ ಕೈ ಮುಗಿದ್ರು. ಆಮೇಲೆ ಅವರನ್ನೂ ಕರ್ಕೊಂಡು ಊರು ಬದಲಾಯಿಸಿ ಇಲ್ಲಿ ಅಣ್ಣನ ಹೆಸರಲ್ಲಿ ಬೋರ್ಡು ಹಾಕಿದೆ."

"ಪುನ್ನಮ್ಮನ ಕೈ ಹೋಯ್ತು. ಗೊತ್ತಾ?"

ಅವನು ಕೊರಳಿನ ಸ್ಟೆತಾಸ್ಕೋಪು ತೆಗೆದು ಮೇಜಿನ ಮೇಲಿಟ್ಟ. ಪಂಚರ ಎದುರು ಪಂಚನಾಮೆ ನಡೆದು ಬಿಪಿ ಪಟ್ಟಿ, ಸ್ಟೆತಾಸ್ಕೋಪು, ಗೋಡೆಯ ಸರ್ಟಿಫಿಕೇಟು ಜಪ್ತಾದವು. ಬಂಧನದ ಪತ್ರಕ್ಕೆ ಸಿಂಹಾಚಲಂ ಹೆಸರು ಕೇಳಿದಾಗ ಅವನು ಜಗುಲಿಯತ್ತ ನೋಡಿ, ಹೊರಗೆ ಹೇಳುತ್ತೇನೆಂದು ಪಿಸುಗುಟ್ಟಿದ.

ಜಗುಲಿಯಲ್ಲಿ ಅವನ ಮುದುಕ ತಂದೆ ಚಹಾದ ಲೋಟ ಹಿಡಿದು ಕುಳಿತಿದ್ದ.

"ದೊಡ್ಡವನೇ, ಇಷ್ಟೊಂದು ಬೂಟಿನ ಸದ್ದು? ಯಾರು?"

"ದೊಡ್ಡ ಆಫೀಸರ ಮನೆಯವರಿಗೆ ಸೀರಿಯಸ್ಸಂತೆ, ಅಪ್ಪ. ಹೋಗಿ ನೋಡಿ ಬರ್ತೀನಿ."

ಮುದುಕನ ಮುಖ ಅರಳಿತು. ಗೌರೀಶ್ವರರಾವ್ ಬೂಟಿನ ಸದ್ದಾಗದಂತೆ ಮೆಟ್ಟಿಲಿಳಿದರು.

ಜೀಪು ತಿರುವು ದಾಟಿದ ಮೇಲೆ ಸಿಂಹಾಚಲಂ ಮತ್ತೆ ಪೆನ್ನು ತೆಗೆದ.

"ಚಂದ್ರಭೂಷಣ್," ಎಂದ ಅವನು. ಎರಡು ವರ್ಷದಿಂದ ಆ ಹೆಸರನ್ನು ಬಾಯಿಬಿಟ್ಟು ಹೇಳಿರಲಿಲ್ಲವೇನೋ, ಸಿಂಹಾಚಲಂಗೆ ಕೇಳಿಸದೆ ಇನ್ನೊಮ್ಮೆ ಹೇಳಬೇಕಾಯಿತು.