ಪಾಠಗವಸಿಗೆ ಬೈಯಲು ಬಾರದು

“ದಾದಾಪೀರ್, ಬೆರಳು ಬಿಡಿಸಿ. ನೋವಾದರೂ ಹತ್ತು ಎಣಿಸುವವರೆಗೆ ಹಾಗೇ ಇರಿ,” ಎಂದಿತು ಪಾಠಗವಸು.

ದಾವಣಗೆರೆಯ ಮಂಡಕ್ಕಿ ಭಟ್ಟಿಯ ಕಾದ ಮರಳಿನಲ್ಲಿ ದಾದಾಪೀರನ ಬಲಗೈ ಬೆಂದಿತ್ತು. ಸುಟ್ಟ ಚರ್ಮ ಮಾಯುವಾಗ ಬಿಗಿದುಕೊಳ್ಳುತ್ತದೆ. ದಿನವೂ ಎಳೆಯದಿದ್ದರೆ ಬೆರಳು ಮುರುಟಿಯೇ ಉಳಿಯುತ್ತದೆ. ಹಿಂದೆಲ್ಲ ಆಸ್ಪತ್ರೆಯಿಂದ ಬಿಡುವಾಗ ಸಣ್ಣಕ್ಷರದ ಚೀಟಿಯೊಂದನ್ನು ಕೊಡುತ್ತಿದ್ದರು. ಓದಲು ಬಾರದವನ ಕೈ ಕೆಟ್ಟರೆ ‘ರೋಗಿಯ ನಿರ್ಲಕ್ಷ್ಯ’ ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಅದೇ ಆಸ್ಪತ್ರೆಯ ಡಾ. ಸುನೀತಿ ಈ ಗವಸನ್ನು ರೂಪಿಸಿ ಆ ನಾಚಿಕೆಗೇಡಿಗೆ ಇತಿಶ್ರೀ ಹಾಡಿದ್ದರು. ಅವರ ಗವಸಿನೊಳಗಿನ ಸ್ಪರ್ಶನೂಲು ಚರ್ಮದ ಬಿಗಿತವನ್ನು ಅಳೆದು, ಯಾವಾಗ ತೊಳೆಯಬೇಕು, ಎಣ್ಣೆ ಸವರಬೇಕು, ಬೆರಳು ಎಳೆಯಬೇಕು ಎಂದು ಬಾಯಿಬಿಟ್ಟು ಹೇಳುತ್ತಿತ್ತು. ಮೂರು ತಿಂಗಳಲ್ಲಿ ಬೆರಳು ನೆಟ್ಟಗಾದರೆ ದಾದಾಪೀರ್ ಮತ್ತೆ ಜರಡಿ ಹಿಡಿಯಬಹುದು. ಇಲ್ಲವೆಂದರೆ ಶಸ್ತ್ರಕ್ರಿಯೆಯೇ ಗತಿ.

ಎರಡನೇ ತಿಂಗಳು ಗವಸು ಕಳಿಸಿದ ವರದಿಯಲ್ಲಿ ಐದು ಜನರ ಕೈಗಳಿದ್ದವು. ಸುನೀತಿ ಸಿಟ್ಟಿನಿಂದ ಭಟ್ಟಿಯ ಓಣಿಗೇ ಬಂದರು.

“ಏನ್ರೀ ಇದು? ಗವಸನ್ನ ಊರಿಗೆಲ್ಲ ಹಂಚಿದೀರಾ?”

“ಊರಿಗಲ್ಲ ಮೇಡಂ, ನಾಕೇ ಜನಕ್ಕೆ. ತೊಳ್ದು ಒಣಗ್ಸೇ ಕೊಟ್ಟೀನಿ. ಅದನ್ನೂ ಗವಸೇ ಕಲಿಸ್ತಲ್ರೀ.”

ಪಕ್ಕದ ಭಟ್ಟಿಯ ಗೌರಕ್ಕ ಕೈ ಚಾಚಿದಳು. ಮೂರು ಬೆರಳು ಕೊಕ್ಕೆಯಂತೆ ಬಾಗಿದ್ದವು. “ಇಪ್ಪತ್ತು ವರ್ಷದ್ದು, ಯವ್ವಾ. ಮುಲಾಮು ಕೊಟ್ಟು ಕಳ್ಸಿದ್ರು. ಬೆರಳು ಎಳೀಬೇಕು ಅಂತ ಒಬ್ರಾದ್ರೂ ಹೇಳ್ಲಿಲ್ಲ.”

“ಇಷ್ಟು ಹಳೇ ಬಿಗಿತ ಗವಸಿಂದ ಸಡಿಲಾಗಲ್ಲಮ್ಮ.”

“ಗೊತ್ತಾತು ಬಿಡು. ಹಾಕ್ಕಂಡು ನೋಡ್ದೆ.”

ಸುನೀತಿ ದಾದಾಪೀರನ ಕೈಲಿದ್ದ ಗವಸನ್ನು ಆರಿಸಿ, ಕಳಚಿ ಚೀಲಕ್ಕೆ ಹಾಕಿಕೊಂಡರು. ಅಷ್ಟರಲ್ಲಿ ಗೌರಕ್ಕ ಗಡಿಯಾರ ನೋಡಿದಳು.

“ಏ ದಾದಾ, ಹಲ್ಲು ಕಿರೀಬ್ಯಾಡ, ಹೊತ್ತಾತು. ಕೈ ಬಿಡ್ಸೋ! ಲಾಭ... ಎರಡು... ಮೂರು...”

ಮಂಡಕ್ಕಿ ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಎನ್ನದೆ ‘ಲಾಭ’ ಎನ್ನುವುದು ಅವರ ವಾಡಿಕೆ. ಜರಡಿ ಹಿಡಿದಿದ್ದ ಹೆಂಗಸರೂ ದನಿ ಸೇರಿಸಿದರು. ಸುನೀತಿ ಅಳತೆಪಟ್ಟಿ ಇಟ್ಟು ನೋಡಿದರು. ದಾದಾಪೀರನ ಐದು ಬೆರಳೂ ನೆಟ್ಟಗೆ!

“ಗವಸು ದಿನದಲ್ಲಿ ಅರ್ಧ ಹೊತ್ತೂ ನಿಮ್ಮ ಕೈಯಲ್ಲಿರಲಿಲ್ಲ. ಹೇಗಾಯ್ತು ಇದು?”

“ಅದು ಹೇಳಿದ್ರೆ ‘ಆಮೇಲೆ ಮಾಡಾನ’ ಅಂತ ಬೀಡಿ ಹಚ್ತಿದ್ದೆ ಮೇಡಂ. ಗೌರಕ್ಕ ಬಿಡ್ತಾಳಾ?”

“ಮಿಷನ್ನು ಚಲೋ ಐತವ್ವ,” ಎಂದಳು ಗೌರಕ್ಕ. “ಬೈಯಾಕೆ ಬರಲ್ಲ, ಅಷ್ಟೇ.”

ಮರುತಿಂಗಳು ಆಸ್ಪತ್ರೆಯ ಬಾಗಿಲಲ್ಲಿ, ಹೊಸ ಗವಸುಗಳ ಮೇಜಿನ ಪಕ್ಕ ಸುನೀತಿ ಗೌರಕ್ಕನಿಗೊಂದು ಸ್ಟೂಲು ಹಾಕಿಸಿದರು. ಮನೆಗೆ ಹೊರಟವರೆದುರು ಗೌರಕ್ಕ ತನ್ನ ಕೊಕ್ಕೆ ಬೆರಳು ಎತ್ತಿ ಹಿಡಿಯುತ್ತಿದ್ದಳು.

“ನೋಡ್ಕಳ್ರಿ. ಹಿಂಗಾಗ್ಬಾರ್ದು. ಹೂಂ, ಬಿಡಿಸ್ರಿ ಕೈ. ಲಾಭ...”